ಪರಜೀವಿಯ ಅಂಗವೂ ಮಾನವ ದೇಹವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಆರೋಗ್ಯಗೋಷ್ಠಿಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)

 

ಇಂಥ ಮಂಗಲ ಸಮಯದಲ್ಲಿ ಶಾಸ್ತ್ರಜ್ಞರೂ ಅನುಭಾವಿಗಳೂ ಮಾತನಾಡಬೇಕಾದ ಈ ಸ್ಥಳದಲ್ಲಿ, ದಿನಬೆಳಗಾದರೆ ರೋಗಿಗಳ ನಡುವೆ ಓಡಾಡುವ ನನ್ನಂಥವನಿಗೆ ನಾಲ್ಕು ಮಾತುಗಳನ್ನಾಡಲು ಅಪ್ಪಣೆಯಾದುದು ನನ್ನ ಭಾಗ್ಯವೆಂದೇ ತಿಳಿಯುತ್ತೇನೆ. ಯಾವ ವಿಷಯವನ್ನು ಆರಿಸಿಕೊಳ್ಳಲೆಂದು ಬಹಳ ದಿನ ಯೋಚಿಸುತ್ತಿದ್ದೆನು. ಅಷ್ಟರಲ್ಲಿ ಈ ಮಠದ ಭಕ್ತರೇ ಆದ ಒಬ್ಬ ಒಕ್ಕಲಿಗ ಹಿರಿಯರು ನನ್ನ ಬಳಿಗೆ ಬಂದರು. ಅವರ ಮಗನಿಗೆ ಎರಡೂ ಮೂತ್ರಪಿಂಡಗಳು ಕೆಟ್ಟಿವೆ. ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಪಟ್ಟಣಕ್ಕೆ ಬಂದು, ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ರಕ್ತವನ್ನೊಡ್ಡಿ ಶುದ್ಧಿ ಮಾಡಿಸಿಕೊಳ್ಳುವ ಡಯಾಲಿಸಿಸ್ ಎಂಬ ಚಿಕಿತ್ಸೆಯಿಂದ ಆ ತರುಣನು ಜೀವ ಹಿಡಿದುಕೊಂಡಿದ್ದಾನೆ. ಆ ಹಿರಿಯರು ಕೇಳಿದ ಮಾತನ್ನು ಅವರ ನುಡಿಯಲ್ಲಿಯೇ ಹೇಳುತ್ತೇನೆ: "ಸಾಹೇಬ್ರ, ಹಂದಿ ಮೂತ್ರಪಿಂಡಾ ತಗದು ಮನುಷ್ಯಾಗ ಹಾಕತಾರಂತ, ಖರೇ ಏನ್ರಿ? ನನ್ನ ಮಗಗ ಹಾಕಸಬೌದೇನ್ರಿ? ಹಾಕಸಿದ್ರ ಅಂವಾ ಪೂಜಾಕ್ಕ ಕೂಡಬೌದೇನ್ರಿ?"

ಮೂರು ಸಣ್ಣ ಪ್ರಶ್ನೆಗಳು. ಮೊದಲನೆಯದು ವಾರ್ತೆಯ ಪ್ರಶ್ನೆ, ಎರಡನೆಯದು ವೈದ್ಯದ ಪ್ರಶ್ನೆ, ಮೂರನೆಯದು ಧರ್ಮದ ಪ್ರಶ್ನೆ. ಅಂದು ಹೊರಗೆ ರೋಗಿಗಳ ಸಾಲು ನಿಂತಿದ್ದುದರಿಂದ ಅವರಿಗೆ ಅರ್ಧಂಬರ್ಧ ಉತ್ತರ ಕೊಟ್ಟು ಕಳುಹಿಸಿದೆನು. ಆ ಕೊರತೆಯು ನನ್ನ ಮನಸ್ಸನ್ನು ಕೊರೆಯುತ್ತಲೇ ಇದ್ದಿತು. ಅವರಿಗೆ ಅಂದು ಹೇಳಬೇಕಾಗಿದ್ದುದನ್ನೇ ಇಂದು ತಮ್ಮೆಲ್ಲರ ಮುಂದೆ ಅರಿಕೆ ಮಾಡುತ್ತೇನೆ.

ನಮ್ಮ ನಾಡಿನ ಒಕ್ಕಲುಮಕ್ಕಳಿಗೆ ಕಸಿ ಎಂಬ ಮಾತು ಹೊಸದಲ್ಲ. ಹುಳಿ ಮಾವಿನ ಸಸಿಗೆ ಆಪೂಸಿನ ಕಡ್ಡಿಯನ್ನು ಕಟ್ಟಿದರೆ ಅದು ಹಿಡಿದುಕೊಂಡು ಚಿಗುರುವುದು. ಬೇವಿನ ಗಿಡಕ್ಕೆ ಅದೇ ಕಡ್ಡಿಯನ್ನು ಎಷ್ಟು ಜಾಣ್ಮೆಯಿಂದ ಕಟ್ಟಿದರೂ ಒಣಗಿ ಬೀಳುವುದು. ಕಟ್ಟಿದ ಕೈಯ ತಪ್ಪಲ್ಲ; ಜಾತಿ ದೂರವಾದಷ್ಟೂ ಕೂಡುವಿಕೆ ಕಷ್ಟ. ಮನುಷ್ಯ ದೇಹದ ಅಂಗವನ್ನು ಬದಲಿಸುವ ಶಸ್ತ್ರಕ್ರಿಯೆಗೂ ನಾವು ಕನ್ನಡದಲ್ಲಿ ಅಂಗಕಸಿ ಎಂದೇ ಹೆಸರಿಟ್ಟಿದ್ದೇವೆ. ಆ ನಿಯಮವು ಇಲ್ಲಿಯೂ ಬಹುಮಟ್ಟಿಗೆ ಸಲ್ಲುವುದು. ಆದರೆ ಒಂದು ಭೇದವುಂಟು. ಗಿಡವು ಒಲ್ಲದ ಕಡ್ಡಿಯನ್ನು ಸುಮ್ಮನೆ ಒಣಗಗೊಡುವುದು. ಪ್ರಾಣಿದೇಹವಾದರೋ ಒಲ್ಲದ ಅಂಗದ ಮೇಲೆ ಯುದ್ಧವನ್ನೇ ಹೂಡುವುದು.

ಈ ಸಂಗತಿ ಒಮ್ಮೆಗೇ ತಿಳಿದುದಲ್ಲ. ಮುಖದ ಚರ್ಮವನ್ನೇ ಕತ್ತರಿಸಿ ತಿರುಗಿಸಿ ಮೂಗನ್ನು ಕಟ್ಟುವ ವಿಧಾನವನ್ನು ಸುಶ್ರುತ ಸಂಹಿತೆಯು ಹೇಳಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಒಬ್ಬ ಮನುಷ್ಯನು ಮೈಸೂರಿನ ಸೈನ್ಯದ ಸೆರೆಗೆ ಸಿಕ್ಕಿ ಮೂಗನ್ನು ಕಳೆದುಕೊಂಡನು. ಪುಣೆಯ ಕಡೆಯ ಒಬ್ಬ ದೇಶೀಯ ಕುಶಲನು ಅವನ ಹಣೆಯ ಚರ್ಮದಿಂದಲೇ ಹೊಸ ಮೂಗನ್ನು ಮಾಡಿದನು. ಆ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಚಿತ್ರಸಹಿತವಾಗಿ ಅಚ್ಚಾಗಿ, ಯುರೋಪಿನ ಶಸ್ತ್ರವೈದ್ಯರೆಲ್ಲ ಬೆರಗಾದರು. ಆ ಮೂಗು ಹಿಡಿದುಕೊಂಡಿತೇಕೆ? ಚರ್ಮವು ಅವನದೇ ಆಗಿದ್ದಿತು. ನೆರೆಯವನ ಚರ್ಮವಾಗಿದ್ದರೆ ಕೆಲವು ದಿನಗಳಲ್ಲಿ ಕಪ್ಪಾಗಿ ಉದುರಿ ಹೋಗುತ್ತಿದ್ದಿತು.

ಏಕೆ ಉದುರುವುದೆಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸ್ಪಷ್ಟವಾಯಿತು. ಸುಟ್ಟ ಗಾಯಗಳ ರೋಗಿಯೊಬ್ಬಳಿಗೆ ಅನ್ಯರ ಚರ್ಮವನ್ನು ಎರಡು ಸಲ ಹಚ್ಚಿ ನೋಡಿದಾಗ, ಎರಡನೆಯ ಸಲದ ಚರ್ಮವು ಮೊದಲನೆಯದಕ್ಕಿಂತ ಬೇಗನೆ ನಾಶವಾಯಿತು. ಗ್ಲಾಸ್ಗೋ ನಗರದಲ್ಲಿ ಇದನ್ನು ಗಮನಿಸಿ 1943ರಲ್ಲಿ ಪ್ರಕಟಿಸಿದ ಗಿಬ್ಸನ್ ಮತ್ತು ಪೀಟರ್ ಮೆಡವಾರ್ ಎಂಬವರು, ದೇಹವು ಮೊದಲ ಬಾರಿ ಕಂಡ ಪರಕೀಯ ವಸ್ತುವನ್ನು ನೆನಪಿನಲ್ಲಿಟ್ಟುಕೊಂಡು ಎರಡನೆಯ ಬಾರಿ ಇನ್ನೂ ಬಲವಾಗಿ ಎದುರಿಸುವುದೆಂದು ತಿಳಿದರು. ಸಿಡುಬು ಒಮ್ಮೆ ಬಂದವನಿಗೆ ಮತ್ತೆ ಬರದಂತೆ ಕಾಯುವ ಶಕ್ತಿ ಯಾವುದೋ, ಪರರ ಚರ್ಮವನ್ನು ಉದುರಿಸುವ ಶಕ್ತಿಯೂ ಅದೇ ಎಂದಾಯಿತು. ಮೆಡವಾರರಿಗೆ 1960ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇಲ್ಲಿ ತಾವು ಒಂದನ್ನು ಚೆನ್ನಾಗಿ ಮನಗಾಣಬೇಕು. ಅಂಗವನ್ನು ತಿರಸ್ಕರಿಸುವುದು ದೇಹದ ರೋಗವಲ್ಲ; ಅದು ದೇಹದ ಆರೋಗ್ಯದ ಲಕ್ಷಣ. ಕಾವಲುಗಾರನು ನಿಷ್ಠನಾಗಿರುವುದರಿಂದಲೇ ಉಪಕಾರಕ್ಕೆಂದು ಬಂದ ಅತಿಥಿಯನ್ನೂ ಕಳ್ಳನೆಂದು ಹೊಡೆಯುತ್ತಾನೆ. ಕಾವಲುಗಾರನನ್ನು ಕೊಂದರೆ ಅತಿಥಿಯು ಉಳಿಯುವನು, ಆದರೆ ಕಳ್ಳರೂ ಒಳಗೆ ಬರುವರು. ಕಸಿವಿದ್ಯೆಯ ಸಂಕಟವೆಲ್ಲ ಇಷ್ಟರಲ್ಲಿಯೇ ಇದೆ.

1954ನೆಯ ಇಸವಿಯ ಡಿಸೆಂಬರದಲ್ಲಿ ಅಮೆರಿಕೆಯ ಬಾಸ್ಟನ್ ನಗರದಲ್ಲಿ ಜೋಸೆಫ್ ಮರೆ ಎಂಬ ಶಸ್ತ್ರವೈದ್ಯರು ಮೂತ್ರಪಿಂಡದ ಮೊದಲ ಸಫಲ ಕಸಿಯನ್ನು ಮಾಡಿದರು. ಕೊಟ್ಟವನೂ ಪಡೆದವನೂ ಒಂದೇ ಅಚ್ಚಿನ ಅವಳಿ ಸೋದರರಾಗಿದ್ದುದರಿಂದ ಕಾವಲುಗಾರನಿಗೆ ಭೇದವೇ ತಿಳಿಯಲಿಲ್ಲ. ಅವಳಿಗಳಲ್ಲದವರಿಗೆ ಏನು ಗತಿ? 1960ರ ಸುಮಾರಿಗೆ ಅಜಥಯೋಪ್ರಿನ್ ಎಂಬ ಔಷಧವೂ, ಅನಂತರ ನಾರ್ವೆ ದೇಶದ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಎಂಬ ಔಷಧವೂ, ಆಮೇಲೆ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಟ್ಯಾಕ್ರೋಲಿಮಸ್ ಎಂಬ ಔಷಧವೂ ಬಳಕೆಗೆ ಬಂದವು. ಇವು ಕಾವಲುಗಾರನನ್ನು ಕೊಲ್ಲದೆ ತೂಕಡಿಸುವಂತೆ ಮಾಡುವ ಮದ್ದುಗಳು. ಇವುಗಳ ಬಲದಿಂದ ಇಂದು ತಾಯಿಯ ಮೂತ್ರಪಿಂಡವು ಮಗನಲ್ಲಿ, ಅಪರಿಚಿತನ ಹೃದಯವು ಅಪರಿಚಿತನಲ್ಲಿ ವರ್ಷಗಟ್ಟಲೆ ನಡೆಯುತ್ತಿವೆ.

ವಿದ್ಯೆ ಸಿದ್ಧಿಸಿತು, ಅಂಗಗಳು ಸಾಲದಾದವು. ಬೇಡುವವರು ಲಕ್ಷಗಟ್ಟಲೆ, ಕೊಡುವವರು ಕೆಲವೇ ಮಂದಿ. ಅಮೆರಿಕೆಯೊಂದರಲ್ಲಿಯೇ ಸರದಿಯ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಜನರಿದ್ದಾರೆ. ಸರದಿ ಬರುವ ಮೊದಲೇ ಕಣ್ಣು ಮುಚ್ಚುವವರು ಅಲ್ಲಿಯೂ ಇಲ್ಲಿಯೂ ದಿನವೂ ಇದ್ದಾರೆ. ಈ ಕೊರತೆಯೇ ವೈದ್ಯರ ದೃಷ್ಟಿಯನ್ನು ಪ್ರಾಣಿಗಳ ಕಡೆಗೆ ತಿರುಗಿಸಿತು.

ಆ ಪ್ರಯತ್ನವೂ ಹಳೆಯದೇ. 1906ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜಬೂಲೇ ಎಂಬವರು ಹಂದಿಯ ಮೂತ್ರಪಿಂಡವನ್ನು ಒಬ್ಬ ರೋಗಿಗೂ, ಆಡಿನದನ್ನು ಇನ್ನೊಬ್ಬರಿಗೂ ಜೋಡಿಸಿದರು. ರಕ್ತವು ಹೆಪ್ಪುಗಟ್ಟಿ ಎರಡೂ ಕೆಲವೇ ದಿನಗಳಲ್ಲಿ ವಿಫಲವಾದವು. 1963 ಮತ್ತು 1964ರಲ್ಲಿ ನ್ಯೂ ಆರ್ಲಿಯನ್ಸ್ ನಗರದ ರೀಮ್ಟ್ಸ್‌ಮಾ ಎಂಬವರು ಚಿಂಪಾಂಜಿಗಳ ಮೂತ್ರಪಿಂಡಗಳನ್ನು 13 ಜನರಿಗೆ ಹಾಕಿದರು. ಬಹುತೇಕರು ವಾರಗಳಲ್ಲಿ ತೀರಿಕೊಂಡರು. ಆದರೆ ಒಬ್ಬ ಶಾಲಾ ಶಿಕ್ಷಕಿಯು ಒಂಬತ್ತು ತಿಂಗಳು ಬದುಕಿದ್ದಳು. 1984ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಬೇಲಿ ಎಂಬ ವೈದ್ಯರು ಹುಟ್ಟುಹೃದ್ರೋಗದ ಹಸುಗೂಸಿಗೆ ಬಬೂನ್ ಎಂಬ ವಾನರದ ಹೃದಯವನ್ನಿಟ್ಟರು. ಮಗುವು ಸುಮಾರು 20 ದಿನ ಉಸಿರಾಡಿತು. ನಮ್ಮ ದೇಶದಲ್ಲಿಯೂ 1997ರಲ್ಲಿ ಅಸ್ಸಾಮಿನ ಒಬ್ಬ ಶಸ್ತ್ರವೈದ್ಯರು ಹಂದಿಯ ಹೃದಯವನ್ನು ಒಬ್ಬ ರೋಗಿಗೆ ಜೋಡಿಸಿದರು. ರೋಗಿಯು ಒಂದು ವಾರದಲ್ಲಿ ತೀರಿಕೊಂಡನು. ವೈದ್ಯರು 1994ರ ಮಾನವ ಅಂಗಾಂಗ ಕಸಿ ಕಾಯಿದೆಯಂತೆ ಬಂಧನಕ್ಕೊಳಗಾದರು.

ವಾನರಗಳು ನಮಗೆ ಸಮೀಪದ ಬಂಧುಗಳಲ್ಲವೇ, ಅವನ್ನು ಬಿಟ್ಟು ಹಂದಿಯನ್ನೇಕೆ ಆರಿಸಿದರೆಂದು ತಾವು ಕೇಳಬಹುದು. ವಾನರವು ನಿಧಾನವಾಗಿ ಬೆಳೆಯುವುದು, ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಸಮೀಪದ ಬಂಧುವಾದುದರಿಂದಲೇ ಅದರ ರೋಗಾಣುಗಳು ನಮಗೆ ಸುಲಭವಾಗಿ ಅಂಟುವುವು. ಏಡ್ಸ್ ರೋಗದ ವಿಷಾಣುವು ಚಿಂಪಾಂಜಿಯ ವಿಷಾಣುವಿನಿಂದ ಬಂದುದೆಂಬುದನ್ನು ಮರೆಯಲಾಗದು. ಹಂದಿಯಾದರೋ ನಾಲ್ಕು ತಿಂಗಳಿಗಿಂತ ಕಡಿಮೆಯ ಗರ್ಭದಲ್ಲಿ ಹಲವು ಮರಿಗಳನ್ನೀಯುವುದು. ಅದರ ಹೃದಯ, ಮೂತ್ರಪಿಂಡಗಳ ಗಾತ್ರವು ಮನುಷ್ಯನವಕ್ಕೆ ಹೊಂದುವುದು. ಸಂಸ್ಕರಿಸಿ ನಿರ್ಜೀವವಾಗಿಸಿದ ಹಂದಿಯ ಹೃದಯಕವಾಟಗಳನ್ನು ದಶಕಗಳಿಂದ ಮನುಷ್ಯರಿಗೆ ಹಾಕುತ್ತಿದ್ದಾರೆ. ಮಧುಮೇಹದವರು ಬಹುಕಾಲ ಚುಚ್ಚಿಸಿಕೊಂಡ ಇನ್ಸುಲಿನ್ ಔಷಧವು ಹಂದಿ ಮತ್ತು ದನಗಳ ಅಂಗದಿಂದಲೇ ತೆಗೆದುದಾಗಿದ್ದಿತು. ಆದರೆ ಕವಾಟವು ಜೀವವಿಲ್ಲದ ಪದಾರ್ಥ. ರಕ್ತ ಹರಿಯುವ ಸಜೀವ ಅಂಗದ ಮಾತೇ ಬೇರೆ.

ಹಂದಿಯ ಸಜೀವ ಮೂತ್ರಪಿಂಡವನ್ನು ಹಾಗೆಯೇ ಜೋಡಿಸಿ, ನಮ್ಮ ರಕ್ತವನ್ನು ಅದರಲ್ಲಿ ಹರಿಯಗೊಟ್ಟರೆ ಏನಾಗುವುದು? ಮೊದಲು ಕೆಂಪೇರಿದ ಅಂಗವು ನಿಮಿಷಗಳಲ್ಲಿ ಅಥವಾ ಕೆಲವು ಗಂಟೆಗಳಲ್ಲಿ ನೀಲಿಗಟ್ಟಿ, ಕಪ್ಪಾಗಿ, ಊದಿಕೊಂಡು ಸತ್ತುಹೋಗುವುದು. ಇದಕ್ಕೆ ಅತಿಶೀಘ್ರ ತಿರಸ್ಕಾರವೆಂದು ಹೆಸರು. ಇದರ ಕಾರಣವು ಬಹು ಸ್ವಾರಸ್ಯವಾದುದು. ಹಂದಿಯ ರಕ್ತನಾಳಗಳ ಒಳಪದರದ ಮೇಲೆ ಆಲ್ಫಾ-ಗಾಲ್ ಎಂಬ ಒಂದು ಬಗೆಯ ಸಕ್ಕರೆಯ ಕಣವು ಅಂಟಿಕೊಂಡಿರುವುದು. ಬಹುತೇಕ ಸಸ್ತನಿಗಳಲ್ಲಿ ಇದು ಉಂಟು. ಮನುಷ್ಯರಲ್ಲಿಯೂ, ಬಾಲವಿಲ್ಲದ ದೊಡ್ಡ ವಾನರಗಳಲ್ಲಿಯೂ, ಆಫ್ರಿಕ ಏಷ್ಯಾಗಳ ಮಂಗಗಳಲ್ಲಿಯೂ ಇಲ್ಲ. ಆದರೆ ನಮ್ಮ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ಮೇಲೆ ಇಂಥದೇ ಸಕ್ಕರೆಯಿದೆ. ಆ ಸೂಕ್ಷ್ಮಜೀವಿಗಳನ್ನು ಅವುಗಳ ಎಲ್ಲೆಯಲ್ಲಿಡಲು ದೇಹವು ಶೈಶವದಿಂದಲೇ ಆ ಸಕ್ಕರೆಯ ವಿರುದ್ಧ ಪ್ರತಿಕಾಯಗಳೆಂಬ ಶಸ್ತ್ರಗಳನ್ನು ತಯಾರಿಸಿಟ್ಟಿರುವುದು. ನಮ್ಮ ರಕ್ತದಲ್ಲಿ ಹರಿದಾಡುವ ಪ್ರತಿಕಾಯಗಳಲ್ಲಿ ನೂರಕ್ಕೆ ಒಂದರಷ್ಟು ಪಾಲು ಈ ಒಂದೇ ಸಕ್ಕರೆಯ ವಿರುದ್ಧವಾದುವೆಂದು ಗಲಿಲಿ ಎಂಬ ವಿಜ್ಞಾನಿಯು 1980ರ ದಶಕದಲ್ಲಿ ತೋರಿಸಿದರು. ಹೀಗಾಗಿ ಹಂದಿಯ ಅಂಗವನ್ನು ಎಂದೂ ಕಾಣದ ದೇಹವೂ ಅದನ್ನು ಹಳೆಯ ಶತ್ರುವೆಂದೇ ಗುರುತಿಸುವುದು.

ಪ್ರತಿಕಾಯವು ಹೋಗಿ ರಕ್ತನಾಳದ ಗೋಡೆಗೆ ಅಂಟಿದೊಡನೆ ಕಾಂಪ್ಲಿಮೆಂಟ್ ಎಂಬ ರಕ್ತದ್ರವ್ಯಗಳ ಸರಪಳಿಯು ಎಚ್ಚರಗೊಳ್ಳುವುದು. ಒಂದು ದ್ರವ್ಯವು ಮತ್ತೊಂದನ್ನು ಎಬ್ಬಿಸಿ, ಅದು ಮೂರನೆಯದನ್ನು ಎಬ್ಬಿಸಿ, ಕಡೆಗೆ ಜೀವಕೋಶಕ್ಕೆ ರಂಧ್ರ ಕೊರೆಯುವುವು. ಗೋಡೆ ಹರಿದಲ್ಲಿ ರಕ್ತವು ಸೋರುವುದು, ಸೋರಿದಲ್ಲಿ ಹೆಪ್ಪುಗಟ್ಟುವುದು, ಹೆಪ್ಪುಗಟ್ಟಿದಲ್ಲಿ ಹರಿವು ನಿಲ್ಲುವುದು. ಕಾಲುವೆಯ ಒಡ್ಡು ಒಡೆದು ಹೂಳು ತುಂಬಿದಂತೆ ಅಂಗವು ನಿಷ್ಫಲವಾಗುವುದು. ಸೈಕ್ಲೋಸ್ಪೋರಿನ್ ಮೊದಲಾದ ಮದ್ದುಗಳು ಇಲ್ಲಿ ನಿರುಪಯೋಗಿಗಳು. ಅವು ಹೊಸ ಸೈನ್ಯ ಸೇರದಂತೆ ತಡೆಯುವುವಲ್ಲದೆ, ಈಗಾಗಲೇ ಬಿಲ್ಲಿಗೆ ಹೂಡಿದ ಬಾಣಗಳನ್ನು ತಡೆಯಲಾರವು.

ಆದುದರಿಂದ ವಿಜ್ಞಾನಿಗಳು ಬೇರೊಂದು ದಾರಿಯನ್ನು ಹಿಡಿದರು. ರೋಗಿಯ ರಕ್ಷಣಾಶಕ್ತಿಯನ್ನು ಮಾತ್ರ ಅಡಗಿಸುವ ಬದಲು, ಅಂಗವನ್ನೇ ಮನುಷ್ಯನಿಗೆ ಹೊಂದುವಂತೆ ಮಾರ್ಪಡಿಸುವುದು! ಪ್ರತಿಯೊಂದು ಜೀವಿಯ ಮೈಕಟ್ಟಿನ ವಿಧಿಯು ಅದರ ಜೀವಕೋಶಗಳೊಳಗಿನ ಜೀನ್‌ಗಳೆಂಬ ಅತಿಸೂಕ್ಷ್ಮ ಬರಹದಲ್ಲಿರುವುದು. ಆ ಬರಹವನ್ನು ತಿದ್ದಿದರೆ ಅಂಗದ ಗುಣವೂ ತಿದ್ದೀತು. ಮನುಷ್ಯನ ಜೀವಕೋಶಗಳು ಕಾಂಪ್ಲಿಮೆಂಟಿನ ಏಟಿನಿಂದ ತಮ್ಮನ್ನು ಕಾಪಾಡಿಕೊಳ್ಳಲು ಮೈಮೇಲೆ ಒಂದು ಬಗೆಯ ಗುರಾಣಿಗಳನ್ನು ಧರಿಸಿರುತ್ತವೆ. ಹಂದಿಗೂ ಗುರಾಣಿಯುಂಟು, ಆದರೆ ಅದು ಮನುಷ್ಯನ ಕಾಂಪ್ಲಿಮೆಂಟಿಗೆ ಸಾಲದು. ಮನುಷ್ಯನ ಗುರಾಣಿಯ ಜೀನನ್ನು ಹೊತ್ತ ಹಂದಿಮರಿಯೊಂದು 1992ರ ಡಿಸೆಂಬರದಲ್ಲಿ ಇಂಗ್ಲೆಂಡಿನಲ್ಲಿ ಜನಿಸಿತು. ಇದು ಮೊದಲ ಹೆಜ್ಜೆ.

ಎರಡನೆಯ ಹೆಜ್ಜೆಯು ಆ ಸಕ್ಕರೆಯನ್ನೇ ಇಲ್ಲವಾಗಿಸುವುದು. ಅದಕ್ಕೆ ಹಂದಿಯ ಜೀವಕೋಶದಲ್ಲಿ ಜೀನನ್ನು ಕೆಡಿಸಿ, ಆ ಕೋಶದಿಂದಲೇ ಇಡೀ ಪ್ರಾಣಿಯನ್ನು ಪಡೆಯಬೇಕು. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ಕುರಿಯು ಹುಟ್ಟಿದ ಮೇಲೆ ಆ ದಾರಿ ತೆರೆಯಿತು. 2000ದಲ್ಲಿ ಅದೇ ರೀತಿಯ ಹಂದಿಮರಿಗಳು ಹುಟ್ಟಿದವು. 2003ರ ಹೊತ್ತಿಗೆ ಆಲ್ಫಾ-ಗಾಲ್ ಸಕ್ಕರೆಯು ಸಂಪೂರ್ಣವಾಗಿ ಇಲ್ಲದ ಹಂದಿಗಳು ಸಿದ್ಧವಾದವು. ಮುಂದೆ ಇನ್ನೆರಡು ಸಕ್ಕರೆಗಳೂ ನಮ್ಮ ಪ್ರತಿಕಾಯಗಳಿಗೆ ಗುರಿಯಾಗುವುವೆಂದು ತಿಳಿದು ಅವನ್ನೂ ತೆಗೆದರು. 2012ರಲ್ಲಿ ಷಾರ್ಪೆಂಟಿಯರ್ ಮತ್ತು ಡೌಡ್ನಾ ಎಂಬ ಇಬ್ಬರು ವಿದುಷಿಯರು ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ಉಪಾಯವನ್ನು ಪ್ರಕಟಿಸಿದರು. ಅದಕ್ಕಾಗಿ ಅವರಿಗೆ 2020ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಅಲ್ಲಿಂದ ಮುಂದೆ, ಹಿಂದೆ ವರ್ಷಗಳು ಹಿಡಿಯುತ್ತಿದ್ದ ತಿದ್ದುಪಡಿಯು ತಿಂಗಳುಗಳ ಕೆಲಸವಾಯಿತು.

ಅತಿಶೀಘ್ರ ತಿರಸ್ಕಾರವನ್ನು ಗೆದ್ದರೆ ಯುದ್ಧವು ಮುಗಿಯಿತೆನ್ನಲಾಗದು, ಮುಂದಿನ ಬಾಗಿಲುಗಳಿವೆ. ಹಂದಿಯ ರಕ್ತನಾಳದ ಒಳಪದರದಲ್ಲಿ ಹೆಪ್ಪನ್ನು ತಡೆಯುವ ದ್ರವ್ಯವು ಮನುಷ್ಯ ರಕ್ತದೊಡನೆ ಸರಿಯಾಗಿ ಕೂಡಿ ಕೆಲಸ ಮಾಡದು. ಆದಕಾರಣ ದಿನಗಳು, ವಾರಗಳು ಕಳೆದಂತೆ ಸಣ್ಣ ಸಣ್ಣ ಹೆಪ್ಪುಗಳು ಅಂಗವನ್ನು ತುಂಬುವುವು. ಇದಕ್ಕೆ ಪರಿಹಾರವಾಗಿ ಥ್ರಾಂಬೊಮಾಡ್ಯುಲಿನ್ ಮೊದಲಾದ ಮನುಷ್ಯನ ಹೆಪ್ಪುತಡೆಯ ಜೀನ್‌ಗಳನ್ನು ಸೇರಿಸಿದರು. ನಮ್ಮ ದೇಹದ ಭಕ್ಷಕ ಕಣಗಳು ಪರಕೀಯ ಕೋಶಗಳನ್ನು ನುಂಗದಂತೆ, 'ಇದು ನಮ್ಮದು' ಎಂದು ಸಾರುವ ಗುರುತಿನ ಜೀನೊಂದನ್ನೂ ಸೇರಿಸಿದರು. ಹಂದಿಯ ಅಂಗವು ತನ್ನ ಜಾತಿಗನುಸಾರವಾಗಿ ಬೆಳೆದು ಎದೆಗೂಡಿಗೆ ಮೀರದಿರಲೆಂದು ಬೆಳವಣಿಗೆಯ ಒಂದು ಜೀನನ್ನು ತೆಗೆದರು. ಹೀಗೆ ನಾಲ್ಕನ್ನು ತೆಗೆದು ಆರನ್ನು ಸೇರಿಸಿ, ಒಟ್ಟು ಹತ್ತು ತಿದ್ದುಪಡಿಗಳ ಹಂದಿಯು ಸಿದ್ಧವಾಯಿತು.

ಇನ್ನುಳಿದುದು ಟಿ-ಕಣಗಳೆಂಬ ಬಿಳಿಯ ರಕ್ತಕಣಗಳ ದಾಳಿ. ಇವು ಮನುಷ್ಯನಿಂದ ಮನುಷ್ಯನಿಗೆ ಮಾಡುವ ಕಸಿಯಲ್ಲಿಯೂ ಮುಖ್ಯ ಶತ್ರುಗಳು. ಒಂದು ಟಿ-ಕಣವು ಯುದ್ಧಕ್ಕೆ ಹೊರಡಲು ಎರಡು ಅಪ್ಪಣೆಗಳು ಬೇಕು: ಪರಕೀಯನನ್ನು ಕಂಡೆನೆಂಬುದು ಒಂದು, ಹೊಡೆಯಬಹುದೆಂಬುದು ಇನ್ನೊಂದು. ಸಿಡಿ 40 ಎಂಬ ದಾರಿಯಿಂದ ಬರುವ ಎರಡನೆಯ ಅಪ್ಪಣೆಯನ್ನು ತಡೆದರೆ ಕಣವು ಶತ್ರುವನ್ನು ಕಂಡರೂ ಏಳದು. ಈ ಉಪಾಯವನ್ನೂ ಮಾರ್ಪಡಿಸಿದ ಹಂದಿಯನ್ನೂ ಕೂಡಿಸಿ ಮೊಹಿಯುದ್ದೀನ್ ಎಂಬ ವೈದ್ಯವಿಜ್ಞಾನಿಯು ಬಬೂನಿನ ಹೊಟ್ಟೆಯಲ್ಲಿರಿಸಿದ ಹಂದಿಯ ಹೃದಯವನ್ನು 945 ದಿನಗಳವರೆಗೆ ಮಿಡಿಯುವಂತೆ ಮಾಡಿ 2016ರಲ್ಲಿ ಪ್ರಕಟಿಸಿದರು. 2018ರಲ್ಲಿ ಜರ್ಮನಿಯ ಮ್ಯೂನಿಚ್ ನಗರದವರು, ಬಬೂನಿನ ಸ್ವಂತ ಹೃದಯವನ್ನು ತೆಗೆದು ಅದರ ಸ್ಥಳದಲ್ಲಿಯೇ ಇಟ್ಟ ಹಂದಿಯ ಹೃದಯವು 195 ದಿನಗಳ ಪರ್ಯಂತ ಪ್ರಾಣವನ್ನು ಹೊತ್ತುದನ್ನು ತೋರಿಸಿದರು.

ಈಗ ಮನುಷ್ಯರ ವೃತ್ತಾಂತಕ್ಕೆ ಬರೋಣ. 2021ರ ಸೆಪ್ಟೆಂಬರದಲ್ಲಿ ನ್ಯೂಯಾರ್ಕಿನಲ್ಲಿ ಮಾಂಟ್‌ಗೊಮರಿ ಎಂಬ ಶಸ್ತ್ರವೈದ್ಯರು, ಮಿದುಳು ಸತ್ತ ಒಬ್ಬ ಸ್ತ್ರೀಯ ದೇಹಕ್ಕೆ ಆಕೆಯ ಬಂಧುಗಳ ಒಪ್ಪಿಗೆಯಿಂದ ಹಂದಿಯ ಮೂತ್ರಪಿಂಡವನ್ನು ಜೋಡಿಸಿ 54 ಗಂಟೆಗಳ ಕಾಲ ನೋಡಿದರು. ಅದು ತಿರಸ್ಕೃತವಾಗದೆ ಮೂತ್ರವನ್ನು ಸ್ರವಿಸಿತು. 2022ರ ಜನವರಿ 7ರಂದು ಮೇರಿಲ್ಯಾಂಡಿನಲ್ಲಿ ಗ್ರಿಫಿತ್ ಎಂಬ ಶಸ್ತ್ರವೈದ್ಯರೂ ಆ ಮೊಹಿಯುದ್ದೀನರೂ ಕೂಡಿ, ಬೇರೆ ದಾರಿಯಿಲ್ಲದ 57 ವರ್ಷದ ಒಬ್ಬ ರೋಗಿಗೆ ಹತ್ತು ತಿದ್ದುಪಡಿಗಳ ಹಂದಿಯ ಹೃದಯವನ್ನಿಟ್ಟರು. ಅತಿಶೀಘ್ರ ತಿರಸ್ಕಾರವು ಸಂಭವಿಸಲೇ ಇಲ್ಲ. ಎರಡು ತಿಂಗಳು ಆ ಹೃದಯವು ನಡೆದು, ಆಮೇಲೆ ಕೆಟ್ಟು, ಆತನು ತೀರಿಕೊಂಡನು. ಹೃದಯದೊಳಗೆ ಹಂದಿಯ ವಿಷಾಣುವೊಂದು ಅಡಗಿದ್ದುದು ಕಂಡುಬಂದಿತು.

2024ರ ಮಾರ್ಚಿಯಲ್ಲಿ ಬಾಸ್ಟನ್ನಿನಲ್ಲಿ, ಜೀವಂತ ರೋಗಿಯೊಬ್ಬನಿಗೆ 69 ತಿದ್ದುಪಡಿಗಳ ಹಂದಿಯ ಮೂತ್ರಪಿಂಡವನ್ನು ಮೊದಲ ಬಾರಿಗೆ ಹಾಕಿದರು. ಎಂಟನೆಯ ದಿನ ತಿರಸ್ಕಾರದ ಚಿಹ್ನೆಗಳು ತೋರಿದರೂ ಔಷಧದಿಂದ ಶಮನವಾದವು. ಎರಡು ತಿಂಗಳೊಳಗೆ ಆತನು ಹೃದಯದ ತೊಂದರೆಯಿಂದ ತೀರಿಕೊಂಡನು. ಮೂತ್ರಪಿಂಡವು ತಿರಸ್ಕೃತವಾದ ಕುರುಹು ಕಾಣಲಿಲ್ಲ. ಅದೇ ವರ್ಷದ ನವೆಂಬರದಲ್ಲಿ ನ್ಯೂಯಾರ್ಕಿನಲ್ಲಿ ಹಂದಿಯ ಮೂತ್ರಪಿಂಡವನ್ನು ಪಡೆದ ಒಬ್ಬ ಸ್ತ್ರೀಯು 130 ದಿನ ಅದರಿಂದ ಬದುಕಿದಳು. ಬೇರೊಂದು ಸೋಂಕು ತಗುಲಿ ಆಕೆಯ ತಡೆಮದ್ದುಗಳನ್ನು ತಗ್ಗಿಸಬೇಕಾಯಿತು. ತಗ್ಗಿಸಿದೊಡನೆ ದೇಹವು ಅಂಗವನ್ನು ತಿರಸ್ಕರಿಸಿತು. ಅಂಗವನ್ನು ತೆಗೆದು ಆಕೆಯನ್ನು ಮತ್ತೆ ಡಯಾಲಿಸಿಸಿಗೆ ಹಚ್ಚಿದರು. 2025ರ ಜನವರಿಯಲ್ಲಿ ಬಾಸ್ಟನ್ನಿನ ಇನ್ನೊಬ್ಬ ರೋಗಿಗೆ ಹಾಕಿದ ಮೂತ್ರಪಿಂಡವು 271 ದಿನ ನಡೆದು, ಶಕ್ತಿಗುಂದಿದುದರಿಂದ ಅಕ್ಟೋಬರದಲ್ಲಿ ಅದನ್ನು ತೆಗೆಯಬೇಕಾಯಿತು. ಹೀಗೆ ಗಂಟೆಗಳ ಲೆಕ್ಕವು ದಿನಗಳಾಗಿ, ದಿನಗಳು ತಿಂಗಳುಗಳಾದುವು, ವರ್ಷಗಳಾಗಬೇಕಾಗಿದೆ.

ಆ ಸ್ತ್ರೀಯ ವೃತ್ತಾಂತವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಮದ್ದನ್ನು ಹೆಚ್ಚಿಸಿದರೆ ಸೋಂಕು, ತಗ್ಗಿಸಿದರೆ ತಿರಸ್ಕಾರ. ನಾನು ಮೊದಲು ಹೇಳಿದ ಕಾವಲುಗಾರನ ಸಂಕಟವು ಇಲ್ಲಿ ಒಬ್ಬ ತಾಯಿಯ ಜೀವದ ಮೇಲೆ ಬಂದು ನಿಂತಿತು. ಇದರಿಂದ ಪಾರಾಗುವ ಮೂರನೆಯ ದಾರಿಯೊಂದನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಎಳೆತನದಲ್ಲಿ ಎದೆಗೂಡಿನ ಥೈಮಸ್ ಎಂಬ ಗ್ರಂಥಿಯಲ್ಲಿ ಟಿ-ಕಣಗಳಿಗೆ ತಮ್ಮವರಾರು, ಪರರಾರು ಎಂಬ ಪಾಠವಾಗುವುದು. ಹಂದಿಯ ಥೈಮಸ್ಸಿನ ತುಣುಕನ್ನು ಮೂತ್ರಪಿಂಡದೊಡನೆ ಕೂಡಿಸಿ ಹಾಕಿದರೆ, ನಮ್ಮ ಹೊಸ ಕಣಗಳು ಹಂದಿಯ ಅಂಗವನ್ನೂ ತಮ್ಮದೆಂದೇ ಕಲಿತಾವೆಂಬುದು ಅವರ ಆಶೆ. ಕಾವಲುಗಾರನನ್ನು ಕೊಲ್ಲುವುದೂ ಅಲ್ಲ, ತೂಕಡಿಸುವುದೂ ಅಲ್ಲ. ಅತಿಥಿಯ ಪರಿಚಯ ಮಾಡಿಸುವುದು. 2024ರಲ್ಲಿ ಈ ರೀತಿಯ ಕಸಿಯೊಂದು ನ್ಯೂಯಾರ್ಕಿನಲ್ಲಿ ನಡೆಯಿತು. ಆದರೆ ರೋಗಿಯ ಹೃದಯದ ದೌರ್ಬಲ್ಯದಿಂದ ಅಂಗಕ್ಕೆ ರಕ್ತವು ಸಾಲದೆ, 47 ದಿನಗಳ ಮೇಲೆ ಅದನ್ನು ತೆಗೆದರು. ದಾರಿಯು ಸರಿಯೇ ತಪ್ಪೇ ಎಂಬುದು ಅಷ್ಟರಿಂದ ನಿರ್ಣಯವಾಗದು.

ಹಂದಿಯ ವಿಷಾಣುಗಳ ಭಯವೂ ಉಂಟು. ಕೆಲವು ವಿಷಾಣುಗಳು ಹಂದಿಯ ಜೀನ್‌ಗಳೊಳಗೇ ಹೆಣೆದುಕೊಂಡು ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುವು. ಅವು ಮನುಷ್ಯನ ಕೋಶಗಳಿಗೆ ಅಂಟಬಲ್ಲವೆಂದು 1997ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡುಬಂದಿತು. 2017ರಲ್ಲಿ ಆ ವಿಷಾಣುಗಳ ಶಕ್ತಿಯನ್ನೇ ಕುಂದಿಸಿದ ಹಂದಿಮರಿಗಳು ಹುಟ್ಟಿದವು. ಬಾಸ್ಟನ್ನಿನಲ್ಲಿ ಬಳಸಿದ 69 ತಿದ್ದುಪಡಿಗಳಲ್ಲಿ ಬಹುಪಾಲು ಇದಕ್ಕಾಗಿಯೇ ಮಾಡಿದುವು. ಆದರೂ ಇಂಥ ಅಂಗವನ್ನು ಪಡೆದವರು ಜೀವಮಾನವಿಡೀ ಪರೀಕ್ಷೆಗೆ ಒಳಗಾಗುತ್ತಿರಬೇಕು. ಏಕೆಂದರೆ ಒಬ್ಬನಿಗೆ ಬಂದ ಹೊಸ ರೋಗವು ಒಬ್ಬನಲ್ಲಿಯೇ ನಿಲ್ಲಲಾರದು.

ಮಹಾಶಯರೇ, ಈಗ ಆ ಹಿರಿಯರ ಮೂರು ಪ್ರಶ್ನೆಗಳಿಗೆ ಮರಳುತ್ತೇನೆ. ಖರೇ ಏನ್ರಿ ಎಂದುದಕ್ಕೆ ಉತ್ತರ, ಹೌದು, ನಿಜವೇ. ಮಗನಿಗೆ ಹಾಕಿಸಬಹುದೇ ಎಂದುದಕ್ಕೆ ಉತ್ತರ, ಇಂದು ಬೇಡ. ಅಮೆರಿಕೆಯ ಸರಕಾರವು 2025ರಲ್ಲಿ ಕ್ರಮಬದ್ಧವಾದ ಪರೀಕ್ಷೆಗಳಿಗೆ ಅಪ್ಪಣೆ ಕೊಟ್ಟಿದೆ. ಅವು ಪರೀಕ್ಷೆಗಳೇ ಹೊರತು ಸಿದ್ಧ ಚಿಕಿತ್ಸೆಯಲ್ಲ. ಯಾವನಾದರೂ ಹಣ ಪಡೆದು ಇಂಥ ಅಂಗವನ್ನು ಹಾಕಿಕೊಡುತ್ತೇನೆಂದರೆ ಅವನನ್ನು ನಂಬಬಾರದು.

ಮೂರನೆಯ ಪ್ರಶ್ನೆಯನ್ನು ನಿರ್ಣಯಿಸುವ ಅಧಿಕಾರ ನನಗಿಲ್ಲ. ಅದು ಗುರುಸನ್ನಿಧಿಯಲ್ಲಿ ಬಿನ್ನವಿಸಿಕೊಳ್ಳಬೇಕಾದ ಮಾತು. ವೈದ್ಯನಾಗಿ ಎರಡು ಸಂಗತಿಗಳನ್ನು ಮಾತ್ರ ಹೇಳಬಲ್ಲೆನು. ಅಂಗ ಬದಲಾದುದರಿಂದ ಮನುಷ್ಯನ ಸ್ವಭಾವವು ಬದಲಾಗದು. ಮೂತ್ರಪಿಂಡವು ರಕ್ತವನ್ನು ಸೋಸುವುದು, ಮನಸ್ಸನ್ನು ಸೋಸುವುದಿಲ್ಲ. ಇದು ಒಂದು. ಪ್ರತಿಯೊಂದು ಅಂಗದ ಹಿಂದೆಯೂ ಒಂದು ಪ್ರಾಣಿಯ ಜೀವಹಾನಿಯುಂಟು. ಅದನ್ನು ಮರೆಮಾಡಿ ಮಾತನಾಡುವುದು ಸರಿಯಲ್ಲ. ಇದು ಇನ್ನೊಂದು. ಜೀವದಯೆಯನ್ನು ಮನೆತನದ ನಡೆಯಾಗಿ ಕಾಪಾಡಿಕೊಂಡು ಬಂದ ತಮಗೆ ಈ ಎರಡನೆಯ ಮಾತು ನೋವನ್ನುಂಟುಮಾಡುವುದು ಸಹಜ. ಹಾಸಿಗೆಯ ಮೇಲಿರುವ ಮಗನ ನೋವೂ ಅಷ್ಟೇ ಸಹಜ. ಎರಡು ನೋವುಗಳ ನಡುವೆ ನಿಂತ ಆ ತಂದೆಯನ್ನು ಯಾರೂ ಹೀಗಳೆಯದಿರಲಿ.

ಆದರೆ ಈ ಸಂದಿಗ್ಧವನ್ನು ಬಹುಮಟ್ಟಿಗೆ ನಿವಾರಿಸುವ ಉಪಾಯವೊಂದು ನಮ್ಮ ಕೈಯಲ್ಲಿಯೇ ಇದೆ. ಪ್ರಾಣಿಗಳ ಅಂಗವನ್ನು ಹುಡುಕಬೇಕಾಗಿ ಬಂದುದೇ ಮನುಷ್ಯರು ಮನುಷ್ಯರಿಗೆ ಕೊಡದಿರುವುದರಿಂದ. ಅಪಘಾತಾದಿಗಳಿಂದ ಮಿದುಳು ಸತ್ತು, ಯಂತ್ರದ ಬಲದಿಂದ ಹೃದಯ ಮಾತ್ರ ಮಿಡಿಯುತ್ತಿರುವ ಒಬ್ಬ ವ್ಯಕ್ತಿಯ ಎರಡು ಮೂತ್ರಪಿಂಡ, ಯಕೃತ್ತು, ಹೃದಯ, ಶ್ವಾಸಕೋಶಗಳಿಂದ ಹಲವರು ಬದುಕಬಹುದು. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಎಂಬ ಸಂಸ್ಥೆಯು ಇಂಥ ದಾನವನ್ನು ಸರದಿಯ ಪ್ರಕಾರ ಹಂಚುವ ಕಾರ್ಯವನ್ನು ನಡೆಯಿಸುತ್ತದೆ. ದೇಹವನ್ನು ಭಗ್ನಗೊಳಿಸದೆ ಸಮಾಧಿ ಮಾಡಬೇಕೆಂಬ ಭಾವನೆಯಿಂದ ಅನೇಕರು ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ಅಂಗಗಳನ್ನು ತೆಗೆದ ಮೇಲೆ ಶಸ್ತ್ರವೈದ್ಯರು ಗಾಯವನ್ನು ಹೊಲಿದು ದೇಹವನ್ನು ಗೌರವದಿಂದ ಒಪ್ಪಿಸುತ್ತಾರೆ. ಮುಂದಿನ ಎಲ್ಲ ಕ್ರಿಯೆಗಳನ್ನೂ ಸಂಪ್ರದಾಯದಂತೆ ನಡೆಯಿಸಬಹುದು. ಈ ವಿಷಯವನ್ನು ಮನೆಯಲ್ಲಿ ದುಃಖವು ಬಂದ ದಿನವಲ್ಲ, ಸುಖವಾಗಿರುವ ದಿನವೇ ಹೆಂಡಿರು ಮಕ್ಕಳೊಡನೆ ಮಾತನಾಡಿಕೊಂಡಿರಬೇಕೆಂದು ಕೈಮುಗಿದು ಬೇಡುತ್ತೇನೆ.

ಇನ್ನೊಂದು ಚಿಕ್ಕ ಮಾತು. ನಮ್ಮಲ್ಲಿ ಮೂತ್ರಪಿಂಡಗಳು ಕೆಡುವುದಕ್ಕೆ ಮಧುಮೇಹ, ರಕ್ತದೊತ್ತಡಗಳೇ ಮುಖ್ಯ ಕಾರಣಗಳು. ವೈದ್ಯರನ್ನು ಕೇಳದೆ ನುಂಗುವ ನೋವಿನ ಗುಳಿಗೆಗಳೂ ಅವಕ್ಕೆ ಕೇಡು ಮಾಡುತ್ತವೆ. ವರ್ಷಕ್ಕೊಮ್ಮೆ ರಕ್ತವನ್ನೂ ಮೂತ್ರವನ್ನೂ ಪರೀಕ್ಷೆ ಮಾಡಿಸಿಕೊಂಡವನಿಗೆ ಹಂದಿಯ ಅಂಗವೂ ಬೇಡ, ಮನುಷ್ಯನ ಅಂಗವೂ ಬೇಡ ಎಂಬ ಭಾಗ್ಯವು ಬಹುಪಾಲು ದೊರಕೀತು.

ಆ ತರುಣನು ಇಂದಿಗೂ ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಬರುತ್ತಿದ್ದಾನೆ. ಅವನ ತಂದೆಗೆ ಸಕ್ಕರೆ ರೋಗವಿರುವುದರಿಂದ ಅವರ ಮೂತ್ರಪಿಂಡವನ್ನು ತೆಗೆಯುವಂತಿಲ್ಲ, ತಾಯಿ ಇಲ್ಲ. ಅವನ ಹೆಸರು ಸರದಿಯ ಪಟ್ಟಿಯಲ್ಲಿದೆ. ವಿಜ್ಞಾನವು ಹಂದಿಯ ಅಂಗವನ್ನು ಮನುಷ್ಯನಿಗೆ ಒಗ್ಗಿಸಲು ನೂರು ವರ್ಷಗಳಿಗೂ ಮಿಕ್ಕಿ ಹೆಣಗುತ್ತಿದೆ. ಅದು ಒಂದು ದಿನ ಫಲಿಸೀತು. ಆ ದಿನದವರೆಗೆ ಆ ತರುಣನು ಕಾಯಲಾರನು. ಅವನಿಗೆ ಬೇಕಾದುದು ನಮ್ಮ ನಿಮ್ಮಂಥವರ ಮನೆಯ ಒಂದು ಒಪ್ಪಿಗೆ.